ಸುಂಟಿಕೊಪ್ಪದ ಒಂದು ಎಸ್ಟೇಟ್ ಜೀಪು, ಅದರೊಳಗೆ ನುಗ್ಗುತ್ತಿದ್ದ ಧೂಳು: ಪೂರ್ತಿ ಪ್ರಕರಣ

ಜನವರಿಯಿಂದ ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವವರೆಗೆ ಕೊಡಗಿನ ತೋಟದ ರಸ್ತೆಗಳಲ್ಲಿ ಜೀಪಿನಲ್ಲಿ ಓಡಾಡುವವರಿಗೆ ಧೂಳಿನ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿರುವುದೂ ಅದೇ ಹೊತ್ತಿಗೆ. ಗಾಡಿ ಓಡಾಟ ಜಾಸ್ತಿ, ಮಣ್ಣು ಪೂರ್ತಿ ಒಣಗಿರುತ್ತದೆ, ರಸ್ತೆ ಬದಿಯ ಕಾಫಿ ಗಿಡದ ಎಲೆಗಳೇ ಕೆಂಪಾಗಿರುತ್ತವೆ. ರಸ್ತೆಯ ಧೂಳನ್ನು ನಿಲ್ಲಿಸುವುದು ಮಳೆಯ ಕೈಯಲ್ಲಿದೆ. ಗಾಡಿಯ ಒಳಗಿನ ಧೂಳನ್ನು ನಿಲ್ಲಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ, ಅದೂ ದೊಡ್ಡ ಖರ್ಚಿಲ್ಲದೆ. ಸುಂಟಿಕೊಪ್ಪದ ಹತ್ತಿರದ ಒಂದು ತೋಟದ ಜೀಪಿನಲ್ಲಿ ನಾವು ಇದನ್ನು ಹೇಗೆ ಮಾಡಿದೆವು ಅನ್ನುವುದನ್ನು ಮೊದಲಿಂದ ಬರೆಯುತ್ತೇನೆ.

ತೋಟ ನನ್ನ ಸೋದರಮಾವನದು. ಜೀಪು ಹಳೆಯದು. ಫೋರ್ ವೀಲ್ ಡ್ರೈವ್, ಡೀಸೆಲ್, ಎಸಿ ಇಲ್ಲ. ಮೊದಲು ಕ್ಯಾನ್ವಾಸ್ ಹುಡ್ ಇತ್ತು. ಆಮೇಲೆ ಫೈಬರ್ ಹಾರ್ಡ್ ಟಾಪ್ ಹಾಕಿಸಿದರು, ಹಿಂದೆ ಗಾಜಿನ ಬಾಗಿಲು ಬಂತು, ಪಕ್ಕದ ಬಾಗಿಲುಗಳಿಗೆ ಗ್ಲಾಸು ಬಂತು. ಹುಡ್ ಇದ್ದಾಗ ಧೂಳು ಬರುವುದು ಸಹಜ ಅಂತ ಎಲ್ಲರೂ ಸುಮ್ನೆ ಇದ್ದರು. ಹಾರ್ಡ್ ಟಾಪ್ ಹಾಕಿದ ಮೇಲೂ ಅಷ್ಟೇ ಧೂಳು, ಕೆಲವು ದಿನ ಇನ್ನೂ ಜಾಸ್ತಿ. ಆಗಲೇ ಎಲ್ಲರಿಗೂ ತಲೆ ಕೆಟ್ಟಿದ್ದು.

ಈ ಜೀಪು ಬರೀ ಸಾಮಾನು ಸಾಗಿಸುವ ಗಾಡಿ ಆಗಿದ್ದರೆ ನಾನು ಇಷ್ಟು ಹಿಂದೆ ಬೀಳುತ್ತಿರಲಿಲ್ಲ. ಬೆಳಗ್ಗೆ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆಗಳ) ಮಕ್ಕಳನ್ನು ಶಾಲೆಗೆಂದು ಮೇನ್ ರೋಡಿಗೆ ಬಿಡುವುದು ಇದೇ. ಯಾರಿಗಾದರೂ ಹುಷಾರಿಲ್ಲದಿದ್ದರೆ ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇದೇ. ತೋಟದ ಲೆಕ್ಕ ಬರೆಯುವ ರೈಟರ್ ಚೆಕ್ ರೋಲ್ (ಹಾಜರಿ) ಪುಸ್ತಕ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಮಕ್ಕಳು ಹಿಂದೆ, ಉದ್ದ ಸೀಟಿನಲ್ಲಿ. ಧೂಳು ಜಾಸ್ತಿ ತುಂಬುತ್ತಿದ್ದದ್ದೂ ಹಿಂದೆಯೇ. ಬಿಳಿ ಅಂಗಿ ಹಾಕಿಕೊಂಡು ಹತ್ತಿದ ಮಕ್ಕಳು ಇಳಿಯುವಾಗ ಕಾಲರ್, ತಲೆಗೂದಲು, ರೆಪ್ಪೆ ಎಲ್ಲ ಕೆಂಪು. ಬಟ್ಟೆ ಒಗೆದರೆ ಹೋಗುತ್ತದೆ, ಉಸಿರಿನ ಜೊತೆ ಒಳಗೆ ಹೋದದ್ದು ಒಗೆದರೆ ಹೋಗುವುದಿಲ್ಲ ಅಲ್ವಾ? ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಸಣ್ಣ ಕಣ ಶ್ವಾಸನಾಳದ ಒಳಗೆ ಇಳಿಯುತ್ತದೆ, 4 ಮೈಕ್ರಾನ್‌ಗಿಂತ ಸಣ್ಣದು ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ. ಗಾಡಿಯೊಳಗೆ ಬಹಳ ಹೊತ್ತು ತೇಲುತ್ತಾ ಇರುವುದು ಈ ಸಣ್ಣ ಕಣವೇ.

ನಾನು ನೋಡುವ ಮೊದಲೇ ಇದಕ್ಕೆ ಬೇಕಾದಷ್ಟು ರಿಪೇರಿ ಆಗಿತ್ತು. ಎಲ್ಲಾ ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಹೊಸದು. ಕಂಡ ಕಂಡ ಸಂದಿಗೆ ಸಿಲಿಕೋನ್ ಹಚ್ಚಿದ್ದರು. ಕೆಳಗೆ ದಪ್ಪ ಕಾರ್ಪೆಟ್ ಹಾಸಿದ್ದರು. ಆದರೂ ಒಂದು ಸುತ್ತು ಹೋಗಿ ಬಂದರೆ ಡ್ಯಾಶ್‌ಬೋರ್ಡ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು.

ಡ್ರೈವರ್ ಅಣ್ಣನನ್ನು ಕೇಳಿದೆ. ಇಪ್ಪತ್ತಕ್ಕೂ ಜಾಸ್ತಿ ವರ್ಷದಿಂದ ಇದೇ ತೋಟದಲ್ಲಿ ಗಾಡಿ ಓಡಿಸುವವರು. ಅವರು ಹೇಳಿದ್ದು ಇಷ್ಟು: "ಮುಂದೆ ಯಾವ ಗಾಡಿ ಇಲ್ಲದಿದ್ರೂ ಧೂಳು ಬರ್ತದೆ. ಸೆಕೆ ಆಗ್ತದೆ ಅಂತ ನನ್ನ ಕಡೆ ಗ್ಲಾಸ್ ಇಳಿಸಿದ್ರೆ ಇನ್ನೂ ಜಾಸ್ತಿ. ಅದೂ ಈ ಕಿಟಕಿಯಿಂದ ಅಲ್ಲ, ಹಿಂದಿಂದ ಬರ್ತದೆ." ಇಡೀ ಸಮಸ್ಯೆಗೆ ಉತ್ತರ ಆ ಮಾತಿನಲ್ಲೇ ಇತ್ತು. ಮುಂದಿನ ಕಿಟಕಿ ತೆಗೆದರೆ ಹಿಂದಿನ ಬಾಗಿಲಿನ ಸಂದಿಯಿಂದ ಧೂಳು ಬರುತ್ತದೆ ಅಂದರೆ, ಅದು ತಾನಾಗಿ ಹಾರಿ ಬರುತ್ತಿಲ್ಲ. ಗಾಡಿಯೇ ಅದನ್ನು ಒಳಗೆ ಎಳೆದುಕೊಳ್ಳುತ್ತಿದೆ.

ಗಾಡಿ ಧೂಳನ್ನು ಎಳೆದುಕೊಳ್ಳುವುದು ಹೇಗೆ

ಜೀಪಿನಂಥ ಚೌಕಾಕಾರದ ಗಾಡಿ ಮುಂದೆ ಹೋಗುವಾಗ ಎದುರಿನ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಮುಂಭಾಗದಲ್ಲಿ, ಮುಖ್ಯವಾಗಿ ಮುಂದಿನ ಗಾಜಿನ ಬುಡದಲ್ಲಿ, ಗಾಳಿಯ ಒತ್ತಡ ಜಾಸ್ತಿ. ಹಿಂದೆ ಗಾಡಿ ಒಮ್ಮೆಲೇ ಮುಗಿದುಬಿಡುತ್ತದೆ, ಅಲ್ಲಿ ಗಾಳಿಗೆ ತಕ್ಷಣ ಸೇರಿಕೊಳ್ಳಲು ಆಗುವುದಿಲ್ಲ. ಕಾವೇರಿಯಲ್ಲಿ ಬಂಡೆಯ ಹಿಂಬದಿಗೆ ನೀರು ಸುತ್ತು ಹೊಡೆಯುವುದನ್ನು ನೋಡಿರುತ್ತೀರಿ, ಜೀಪಿನ ಹಿಂದೆ ಗಾಳಿಯೂ ಹಾಗೇ ಸುತ್ತುತ್ತದೆ. ಆ ಜಾಗದಲ್ಲಿ ಒತ್ತಡ ಕಡಿಮೆ. ಟೈರು ಎಬ್ಬಿಸಿದ ಧೂಳೆಲ್ಲ ಆ ಸುಳಿಗೆ ಸೇರಿ ಹಿಂದಿನ ಬಾಗಿಲಿಗೆ ಅಂಟಿಕೊಂಡೇ ಬರುತ್ತದೆ. ಯಾವುದೇ ಜೀಪಿನ ಹಿಂದಿನ ಗಾಜು ಮುಂದಿನದಕ್ಕಿಂತ ಬೇಗ ಕೆಂಪಾಗುವುದು ಇದಕ್ಕೇ.

ಇನ್ನು ಮುಂದಿನ ಕಿಟಕಿಯ ವಿಷಯ. ಕಿಟಕಿಯ ಪಕ್ಕದಲ್ಲಿ ಗಾಳಿ ಜೋರಾಗಿ ಓಡುತ್ತದೆ, ಅಲ್ಲಿಯೂ ಒತ್ತಡ ಇಳಿದಿರುತ್ತದೆ. ಗ್ಲಾಸ್ ಇಳಿಸಿದರೆ ಕ್ಯಾಬಿನ್ ಒಳಗಿನ ಗಾಳಿ ಆ ಕಡೆಯಿಂದ ಹೊರಗೆ ಹೋಗುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಹಿಂದಿನ ಬಾಗಿಲಿನ ಸಂದಿ, ಗೇರ್ ಲಿವರ್ ಬುಡದ ಹರಿದ ರಬ್ಬರ್, ನೆಲದ ತೂತು, ಎಲ್ಲಿ ದಾರಿ ಸಿಕ್ಕರೆ ಅಲ್ಲಿಂದ ಬರುತ್ತದೆ. ಆ ಜಾಗಗಳೆಲ್ಲ ಧೂಳಿನ ಮಧ್ಯೆಯೇ ಇರುವಂಥವು.

ಸ್ವಲ್ಪ ಲೆಕ್ಕ ನೋಡಿ, ಇದು ಕೆಲಸಕ್ಕೆ ಬರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 18 ಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ). 40ಕ್ಕೆ ಹೋದರೆ ಸುಮಾರು 75, 60ಕ್ಕೆ ಸುಮಾರು 165. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಹಿಂದಿನ ಸೆಳೆತ ಇದರ ಕಾಲು ಭಾಗದ ಆಸುಪಾಸು ಅಂತ ಹಿಡಿದರೆ, ತೋಟದ ರಸ್ತೆಯಲ್ಲಿ 20ರಲ್ಲಿ ಹೋಗುವಾಗ ಅದು ಬರೀ 5 ಪ್ಯಾಸ್ಕಲ್. ಇದು ಎಷ್ಟು ಕಡಿಮೆ ಅಂದರೆ ಅರ್ಧ ಮಿಲಿಮೀಟರ್ ನೀರಿನ ಒತ್ತಡ ಅಷ್ಟೇ. ಅಷ್ಟು ಸಣ್ಣ ಸೆಳೆತವನ್ನು ಸೋಲಿಸಲು ಒಂದು ಸಣ್ಣ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಸಾಕು. ಒಳಗಿನ ಒತ್ತಡವನ್ನು ಹೊರಗಿಗಿಂತ ಚೂರು ಮೇಲೆ ಇಟ್ಟರೆ ಪ್ರತಿ ಸಂದಿಯಲ್ಲೂ ಗಾಳಿ ಒಳಗಿಂದ ಹೊರಗೆ ಹೋಗುತ್ತದೆ. ಹೊರಗೆ ಹೋಗುವ ಗಾಳಿಯ ಎದುರು ಧೂಳು ಒಳಗೆ ಬರುವುದಿಲ್ಲ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಗಣಿಗಳಲ್ಲಿ ಓಡುವ ಯಂತ್ರಗಳ ಕ್ಯಾಬಿನ್, ಔಷಧಿ ಹೊಡೆಯುವ ಟ್ರ್ಯಾಕ್ಟರ್‌ಗಳ ಕ್ಯಾಬಿನ್ ಎಲ್ಲ ಇದೇ ತತ್ವದ ಮೇಲೆ ನಡೆಯುತ್ತವೆ. ಯುರೋಪಿನ ಇಎನ್ 15695 ಅನ್ನುವ ಮಾನದಂಡ ಔಷಧಿ ಹೊಡೆಯುವ ಗಾಡಿಯ ಕ್ಯಾಬಿನ್‌ಗೆ ಕನಿಷ್ಠ 20 ಪ್ಯಾಸ್ಕಲ್ ಒಳ ಒತ್ತಡ ಕೇಳುತ್ತದೆ. ಗಣಿ ಯಂತ್ರಗಳ ಕ್ಯಾಬಿನ್ ಗಾಳಿಗೆಂದೇ 2021ರಲ್ಲಿ ಐಎಸ್ಒ 23875 ಬಂತು. ನಮ್ಮ ಜೀಪಿಗೂ 20 ಪ್ಯಾಸ್ಕಲ್ ಅನ್ನೇ ಗುರಿ ಇಟ್ಟುಕೊಂಡೆವು.

ಹಾಗಾದರೆ ಬ್ಲೋವರ್ ಒಂದನ್ನೇ ಕೂರಿಸಿದರೆ ಆಗದಾ? ಆಗುವುದಿಲ್ಲ. ಒಂದು ಬಾಗಿಲಿನ ಸುತ್ತಳತೆ ಸುಮಾರು 4 ಮೀಟರ್. ಅದರ ಸುತ್ತ 3 ಮಿಲಿಮೀಟರ್ ಸಂದಿ ಇದ್ದರೆ ಒಟ್ಟು 120 ಚದರ ಸೆಂಟಿಮೀಟರ್ ತೂತು ಆಯಿತು. ಎರಡು ಬಾಗಿಲು, ಹಿಂದಿನ ಬಾಗಿಲು, ನೆಲದ ತೂತುಗಳು ಸೇರಿದರೆ ಸಲೀಸಾಗಿ 500 ದಾಟುತ್ತದೆ. ಅಷ್ಟು ತೂತಿನಲ್ಲಿ 20 ಪ್ಯಾಸ್ಕಲ್ ಹಿಡಿಯಬೇಕಾದರೆ ಗಂಟೆಗೆ 600 ಘನ ಮೀಟರ್‌ಗೂ ಜಾಸ್ತಿ ಗಾಳಿ ತಳ್ಳಬೇಕು. ಗಾಡಿಯ ಸಣ್ಣ ಬ್ಲೋವರಿಗೆ, ಅದೂ ಫಿಲ್ಟರ್ ಮೂಲಕ, ಅದು ಆಗದ ಮಾತು. ಅದೇ ತೂತನ್ನು 100 ಚದರ ಸೆಂಟಿಮೀಟರ್‌ಗೆ ಇಳಿಸಿದರೆ ಗಂಟೆಗೆ 125 ಘನ ಮೀಟರ್ ಸಾಕು. ಅಂದರೆ ತೂತು ಪೂರ್ತಿ ಮುಚ್ಚಬೇಕಾಗಿಲ್ಲ, ಬ್ಲೋವರ್ ಗೆಲ್ಲುವಷ್ಟು ಮುಚ್ಚಿದರೆ ಆಯಿತು. ಮೊದಲು ರಿಪೇರಿ ಮಾಡಿದವರು ಎಲ್ಲ ತೂತನ್ನೂ ಮುಚ್ಚಲು ಹೊರಟು ಸೋತದ್ದು ಇಲ್ಲೇ. ಕೊನೆಗೆ ಉಳಿದ ನಾಲ್ಕು ಸಂದಿಯಿಂದಲೇ ಗಾಡಿ ತನಗೆ ಬೇಕಾದಷ್ಟು ಗಾಳಿ ಎಳೆದುಕೊಳ್ಳುತ್ತಿತ್ತು, ಧೂಳಿನ ಸಮೇತ.

ತೂತು ಹುಡುಕಿದ್ದು

ಮೊದಲು ಕಾರ್ಪೆಟ್ ಕಿತ್ತು ಹೊರಗೆ ಹಾಕಿದೆವು. ಅದರ ಅಡಿಯಲ್ಲಿ ಧೂಳೇ ತನ್ನ ದಾರಿಯನ್ನು ಬರೆದಿಟ್ಟಿತ್ತು. ಗಾಳಿ ನುಗ್ಗುವ ತೂತಿನ ಎದುರು ಧೂಳು ಬೀಸಣಿಗೆಯ ಆಕಾರದಲ್ಲಿ ಹರಡಿರುತ್ತದೆ, ಚೂಪು ತುದಿ ತೂತಿನ ಕಡೆಗೆ. ಇದನ್ನು ಒರೆಸುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತೊಳೆದ ಮೇಲೆ ಆ ಗುರುತು ಮತ್ತೆ ಸಿಗುವುದಿಲ್ಲ.

ಆಮೇಲೆ ರಾತ್ರಿ ಶೆಡ್ಡಿನಲ್ಲಿ ದೀಪ ಆರಿಸಿ, ಒಬ್ಬರು ಗಾಡಿಯ ಅಡಿಯಿಂದ ಟಾರ್ಚ್ ಬಿಟ್ಟರು, ಒಬ್ಬರು ಒಳಗೆ ಕೂತರು. ಬೆಳಕು ಬಂದ ಕಡೆಯೆಲ್ಲ ಚಾಕ್ ಪೀಸಿನಲ್ಲಿ ಗುರುತು. ಕ್ಲಚ್ ಪೆಡಲ್ ಹೋಗುವ ತೂತು, ಸ್ಟಿಯರಿಂಗ್ ರಾಡಿನ ಸುತ್ತ, ಹ್ಯಾಂಡ್ ಬ್ರೇಕ್ ಕೇಬಲ್ ಬರುವ ಜಾಗ, ಹಿಂದಿನ ಚಕ್ರದ ಮೇಲಿನ ಶೀಟು ಜೋಡಿಸಿದ ಗೆರೆ, ಟೈಲ್ ಲ್ಯಾಂಪ್ ವೈರು ಹೋಗುವ ತೂತು. ನೆಲದಲ್ಲಿ ನೀರು ಇಳಿಯುವ ತೂತುಗಳಿಗೆ ಪ್ಲಗ್ಗೇ ಇರಲಿಲ್ಲ. ಬೆಳಕು ನೇರ ದಾರಿಯನ್ನು ಮಾತ್ರ ತೋರಿಸುತ್ತದೆ, ತಿರುವಿನ ದಾರಿಗೆ ಅಗರಬತ್ತಿ ಬೇಕು. ಕಿಟಕಿ ಎಲ್ಲ ಮುಚ್ಚಿ, ಬ್ಲೋವರ್ ಒಳಗೆ ಗಾಳಿ ತಳ್ಳುವ ಹಾಗೆ ಹಾಕಿ, ಹೊರಗಿಂದ ಪ್ರತಿ ಅಂಚಿನ ಹತ್ತಿರ ಅಗರಬತ್ತಿ ಹಿಡಿದುಕೊಂಡು ನಿಧಾನ ಹೋಗಬೇಕು. ಹೊಗೆ ಹೊರಗೆ ತಳ್ಳಿದಲ್ಲೆಲ್ಲ ಸಂದಿ ಇದೆ ಅಂತ ಅರ್ಥ. ಗಾಳಿ ಬೀಸದ ಹೊತ್ತಿನಲ್ಲಿ ಮಾಡಿ, ಡೀಸೆಲ್ ಪೈಪಿನ ಕಡೆ ಬೆಂಕಿ ಹಿಡಿಯಬೇಡಿ.

ಬಾಗಿಲಿಗೆ ಕಾಗದದ ಪರೀಕ್ಷೆ. ಒಂದು ಪಟ್ಟಿ ಕಾಗದ ಇಟ್ಟು ಬಾಗಿಲು ಮುಚ್ಚಿ, ಎಳೆದು ನೋಡುವುದು. ಬೀಡಿಂಗ್ ಸರಿಯಾಗಿ ಒತ್ತಿದ್ದರೆ ಕಾಗದ ಬಿಗಿಯಾಗಿ ಬರುತ್ತದೆ. ಇಲ್ಲಿ ಸಿಕ್ಕಿದ್ದು ನಿಜವಾದ ಅಚ್ಚರಿ. ಹೊಸದಾಗಿ ಹಾಕಿದ್ದ ಬೀಡಿಂಗ್ ತೀರಾ ಗಟ್ಟಿ, ದಪ್ಪವೂ ಜಾಸ್ತಿ. ಬೀಗದ ಹತ್ತಿರ ಕಾಗದ ಅಲ್ಲಾಡುತ್ತಿರಲಿಲ್ಲ, ಕೆಳಗಿನ ಹಿಂಬದಿ ಮೂಲೆಯಲ್ಲಿ ಮಾತ್ರ ಸುಲಭವಾಗಿ ಜಾರಿ ಬಂತು. ಗಟ್ಟಿ ರಬ್ಬರ್ ಬಾಗಿಲನ್ನೇ ಹೊರಗೆ ತಳ್ಳಿ, ಧೂಳು ಜಾಸ್ತಿ ಇರುವ ಮೂಲೆಯಲ್ಲೇ ಬಾಯಿ ತೆರೆದಿಟ್ಟಿತ್ತು. ಬೀಡಿಂಗ್ ಹೊಸದಾದ ಮೇಲೆ ಧೂಳು ಜಾಸ್ತಿ ಆಯಿತು ಅಂತ ಡ್ರೈವರ್ ಅಣ್ಣ ಹೇಳುತ್ತಿದ್ದದ್ದನ್ನು ಯಾರೂ ನಂಬಿರಲಿಲ್ಲ. ಅವರು ಹೇಳಿದ್ದೇ ಸರಿ.

ಎಲ್ಲಕ್ಕಿಂತ ದೊಡ್ಡ ತೂತು ಗೇರ್ ಲಿವರ್ ಬುಡದಲ್ಲಿತ್ತು. ಅದರ ಪಕ್ಕದ ಫೋರ್ ವೀಲ್ ಲಿವರಿನದ್ದೂ ಸೇರಿ ಎರಡೂ ರಬ್ಬರ್ ಬೂಟ್ (ಲಿವರಿನ ಬುಡ ಮುಚ್ಚುವ ರಬ್ಬರ್ ಚೀಲ) ಉಬ್ಬಿ, ಮೆತ್ತಗಾಗಿ, ಬಿರಿದುಹೋಗಿದ್ದವು. ವಯಸ್ಸಾದ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ, ಹೀಗೆ ಉಬ್ಬುವುದಿಲ್ಲ. ಉಬ್ಬಿದೆ ಅಂದರೆ ಎಣ್ಣೆ ಕುಡಿದಿದೆ. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ತುಕ್ಕು ಹಿಡಿಯದಿರಲಿ ಅಂತ ಹಳೇ ಆಯಿಲ್, ಡೀಸೆಲ್ ಬೆರೆಸಿ ಸ್ಪ್ರೇ ಹೊಡೆಸುತ್ತಾರಲ್ಲ, ಅದರ ಫಲ ಇದು. ಕಬ್ಬಿಣಕ್ಕೆ ಅದು ಒಳ್ಳೆಯದೇ ಮಾಡುತ್ತದೆ. ಆದರೆ ನ್ಯಾಚುರಲ್ ರಬ್ಬರ್ ಆಗಲಿ, ಬಾಗಿಲ ಬೀಡಿಂಗ್‌ಗೆ ಬಳಸುವ ಇಪಿಡಿಎಂ ರಬ್ಬರ್ ಆಗಲಿ, ಡೀಸೆಲ್ ಮತ್ತು ಆಯಿಲ್ ತಾಗಿದರೆ ಉಬ್ಬಿ ಹಾಳಾಗುತ್ತವೆ. ಮಳೆಗಾಲದಲ್ಲಿ ತುಕ್ಕಿನಿಂದ ಉಳಿಸಿದ್ದು ಬೇಸಿಗೆಯಲ್ಲಿ ಧೂಳಿಗೆ ದಾರಿ ಮಾಡಿಕೊಟ್ಟಿತ್ತು. ಸ್ಪ್ರೇ ಹೊಡೆಸುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಭಾಗಮಂಡಲ ಕಡೆಯ ಮಳೆ ನೋಡಿದವರು ಯಾರೂ ಹಾಗೆ ಹೇಳಲಾರರು. ಹೊಡೆಯುವ ಮೊದಲು ಬೂಟ್, ಗ್ರೊಮೆಟ್ (ವೈರು ಹೋಗುವ ತೂತಿನ ರಬ್ಬರ್ ಬಳೆ), ಬಾಗಿಲ ಅಡಿಯ ಬೀಡಿಂಗ್‌ಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿಸಿ, ಅಷ್ಟೇ.

ಮುಚ್ಚಿದ್ದು

ಹಿಂದಿನಿಂದ ಮತ್ತು ಕೆಳಗಿನಿಂದ ಶುರು ಮಾಡಿದೆವು, ಧೂಳು ಇರುವುದೇ ಅಲ್ಲಿ. ಮೊದಲ ಕೆಲಸ ಹಳೇ ಸಿಲಿಕೋನ್ ಕೆರೆದು ತೆಗೆಯುವುದು. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬರೀ ತಗಡಿಗೆ ತಾಗಿದರೆ ಅಡಿಯಲ್ಲಿ ತುಕ್ಕು ಶುರುವಾಗುತ್ತದೆ, ಅದರ ಮೇಲೆ ಪೇಂಟೂ ಕೂರುವುದಿಲ್ಲ. ಗುಂಡಿ ರಸ್ತೆಯಲ್ಲಿ ಜೀಪಿನ ಬಾಡಿ ತಿರುಚಿಕೊಳ್ಳುತ್ತಾ ಇರುತ್ತದೆ. ಅದಕ್ಕೆ ಶೀಟು ಜೋಡಣೆಯ ಗೆರೆಗಳಿಗೆ ಬಗ್ಗುವ ಪಿಯು (ಪಾಲಿಯುರಿಥೇನ್) ಸೀಲಂಟ್ ಹಾಕಿದೆವು. ಗಟ್ಟಿಯಾಗುವ ಪುಟ್ಟಿ ಇಂಥ ಕಡೆ ಒಂದು ಬೇಸಿಗೆಯನ್ನೂ ತಡೆಯುವುದಿಲ್ಲ, ಬಿರಿಯುತ್ತದೆ.

ಬಾಗಿಲಿಗೆ ಒಳಗೆ ಟೊಳ್ಳಿರುವ ಮೆತ್ತನೆ ಸ್ಪಂಜ್ ರಬ್ಬರ್ ಬೀಡಿಂಗ್. ಬಾಗಿಲು ಮುಚ್ಚಿದಾಗ ಅದು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಒತ್ತಿಕೊಳ್ಳಬೇಕು. ಅದಕ್ಕೆ ಮೊದಲು ಹಿಂಜ್ ಮತ್ತು ಬೀಗದ ಕೊಂಡಿ ಸರಿಮಾಡಿ ಬಾಗಿಲನ್ನು ಸಮಕ್ಕೆ ತರಬೇಕು. ಬಾಗಿಲು ಸೊಟ್ಟ ಇದ್ದರೆ ಯಾವ ಬೀಡಿಂಗೂ ಉಪಯೋಗಕ್ಕಿಲ್ಲ. ಕುಶಾಲನಗರದ ಟಿಂಕರಿಂಗ್ ಕೆಲಸದವರು ಇದನ್ನು ತಾಳ್ಮೆಯಿಂದ ಮಾಡಿಕೊಟ್ಟರು, ಪ್ರತಿ ಮೂಲೆಯಲ್ಲೂ ಕಾಗದ ಎಳೆದು ನೋಡಿಯೇ ಬೋಲ್ಟ್ ಬಿಗಿ ಮಾಡಿದರು. ಹಾರ್ಡ್ ಟಾಪ್ ಬಾಡಿಯ ಮೇಲೆ ಕೂರುವ ಜಾಗದಲ್ಲೂ ಅದೇ ಸ್ಪಂಜ್ ರಬ್ಬರ್, ಸ್ವಲ್ಪ ಅಗಲದ್ದು.

ಗೇರ್ ಲಿವರ್ ಬೂಟ್ ಅಂಗಡಿಯಲ್ಲಿ ಸರಿಯಾದ ಅಳತೆಗೆ ಸಿಗಲಿಲ್ಲ. ಟ್ರ್ಯಾಕ್ಟರಿನ ಹಳೇ ಟ್ಯೂಬ್ ಕತ್ತರಿಸಿ, ಎರಡು ಪದರ ಮಾಡಿ, ಅಡಿಗೆ ತಗಡಿನ ಪಟ್ಟಿ ಕೊಟ್ಟು ಸ್ಕ್ರೂ ಹಾಕಿದೆವು. ಟ್ಯೂಬಿನ ಬ್ಯೂಟೈಲ್ ರಬ್ಬರಿನಲ್ಲಿ ಗಾಳಿ ನುಸುಳುವುದಿಲ್ಲ, ಅದು ಇರುವುದೇ ಗಾಳಿ ಹಿಡಿಯಲಿಕ್ಕೆ. ಲಿವರ್ ಎಲ್ಲಾ ಗೇರಿಗೂ ಹೋದಾಗ ಬೂಟ್ ಎಳೆಯದಷ್ಟು ಸಡಿಲ ಬಿಡಬೇಕು. ಕ್ಲಚ್ ಪೆಡಲಿಗೂ ಅದೇ ಟ್ಯೂಬ್. ವೈರಿನ ತೂತುಗಳಿಗೆ ಹೊಸ ಗ್ರೊಮೆಟ್.

ನೆಲದ ನೀರಿನ ತೂತುಗಳಿಗೆ ತೆಗೆದು ಹಾಕುವ ರಬ್ಬರ್ ಪ್ಲಗ್. ಇವನ್ನು ಸೀಲಂಟ್ ಹಾಕಿ ಕಾಯಂ ಮುಚ್ಚುವ ಕೆಲಸ ಕೊಡಗಿನಲ್ಲಿ ಯಾರೂ ಮಾಡಬಾರದು. ಜೂನ್‌ನಲ್ಲಿ ಒದ್ದೆ ಕೊಡೆ, ಕೆಸರು ಬೂಟು, ಗೋಣಿಚೀಲ ಎಲ್ಲ ಇದೇ ಗಾಡಿಯೊಳಗೆ ಬರುತ್ತದೆ. ನೀರು ಇಳಿಯಲು ದಾರಿ ಇಲ್ಲದಿದ್ದರೆ ನೆಲದ ಶೀಟು ತುಕ್ಕು ಹಿಡಿದು, ಮುಂದಿನ ಬೇಸಿಗೆಗೆ ಅದೇ ಹೊಸ ತೂತಾಗುತ್ತದೆ. ಮೇ ಕೊನೆಯಲ್ಲಿ ಪ್ಲಗ್ ತೆಗೆದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಡುವುದು, ಮಣ್ಣು ಒಣಗಿದ ಮೇಲೆ ಡಿಸೆಂಬರಿನಲ್ಲಿ ಮತ್ತೆ ಹಾಕುವುದು. ತೋಟದ ಕೆಲಸದ ಕ್ಯಾಲೆಂಡರಿನಲ್ಲೇ ಇದನ್ನು ಬರೆಸಿದ್ದೇನೆ.

ಗಾಳಿ ತಂದದ್ದು

ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದೆ, ಈ ಜೀಪಿಗೆ ಮೊದಲೇ ಒಂದು ಗಾಳಿಬಾಯಿ ಇತ್ತು. ಗಾಳಿ ಸಹಜವಾಗಿ ಒತ್ತಿಕೊಳ್ಳುವ ಜಾಗ, ನಮ್ಮದೇ ಟೈರಿನ ಧೂಳು ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಅದನ್ನೇ ಬಳಸಿದೆವು. ಟಿಂಕರ್ ಹತ್ತಿರ ತಗಡಿನ ಪೆಟ್ಟಿಗೆ ಮಾಡಿಸಿ, ಮೊದಲು ಸ್ಪಂಜ್, ಆಮೇಲೆ ಸಣ್ಣ ಕಾರಿನ ಇಂಜಿನ್ನಿಗೆ ಹಾಕುವ ಚಪ್ಪಟೆ ಪೇಪರ್ ಏರ್ ಫಿಲ್ಟರ್, ಅದರ ಹಿಂದೆ 12 ವೋಲ್ಟಿನ ಹೀಟರ್ ಬ್ಲೋವರ್. ಇಂಜಿನ್ ಫಿಲ್ಟರ್ ಯಾಕೆ ಅಂದರೆ, ರಸ್ತೆ ಧೂಳು ಹಿಡಿಯಲಿಕ್ಕೇ ಮಾಡಿದ್ದು, ಅಗಲ ಜಾಸ್ತಿ ಇರುವುದರಿಂದ ಗಾಳಿಗೆ ತಡೆ ಕಡಿಮೆ, ಸುಂಟಿಕೊಪ್ಪದಲ್ಲೇ ಸಿಗುತ್ತದೆ. ಹೆಪಾ ಫಿಲ್ಟರ್ ಹಾಕೋಣ ಅಂತ ಮಾವ ಕೇಳಿದರು. 0.3 ಮೈಕ್ರಾನ್ ಕಣವನ್ನೂ ಶೇಕಡಾ 99.97ರಷ್ಟು ಹಿಡಿಯುತ್ತದೆ ಅದು, ನಿಜ. ಆದರೆ ಅದರ ತಡೆ ಜಾಸ್ತಿ, ಸಣ್ಣ ಬ್ಲೋವರ್ ಸುಸ್ತಾಗಿ ಒಳಗಿನ ಒತ್ತಡವೇ ಬೀಳುತ್ತದೆ. ಒತ್ತಡ ಬಿದ್ದರೆ ಧೂಳು ಫಿಲ್ಟರಿನ ಗೊಡವೆಯೇ ಇಲ್ಲದೆ ಹಿಂದಿನ ಬಾಗಿಲಿನಿಂದ ಬರುತ್ತದೆ.

ಇಲ್ಲಿ ಎರಡು ವಿಷಯದಲ್ಲಿ ರಾಜಿ ಬೇಡ. ಒಂದು, ಫಿಲ್ಟರ್ ಪೆಟ್ಟಿಗೆಗೂ ಇಂಜಿನ್ನಿನ ಜಾಗಕ್ಕೂ ನಡುವೆ ಸಂದಿಯೇ ಇರಬಾರದು, ಬಾನೆಟ್ಟಿನ ಹಿಂದಿನ ಅಂಚಿಗೂ ರಬ್ಬರ್ ಪಟ್ಟಿ ಬೇಕು. ಇಲ್ಲದಿದ್ದರೆ ಇಂಜಿನ್ನಿನ ಬಿಸಿ ಮತ್ತು ಹೊಗೆಯನ್ನು ಮಕ್ಕಳ ಮೂಗಿಗೆ ನಾವೇ ತಳ್ಳಿದ ಹಾಗೆ. ಇನ್ನೊಂದು, ಬ್ಲೋವರಿಗೆ ಬ್ಯಾಟರಿಯಿಂದ ಬೇರೆ ವೈರು, ರಿಲೇ, ಫ್ಯೂಸ್. ಹಳೇ ವೈರಿಂಗಿಗೆ ಸೇರಿಸಿದರೆ ಬಿಸಿಯಾಗಿ ಬೆಂಕಿ ಹಿಡಿಯುವ ಅಪಾಯ ಇದೆ.

ಬ್ಲೋವರಿನ ಬಾಯಿಯನ್ನು ಮೇಲಕ್ಕೆ, ಎದೆಯ ಎತ್ತರಕ್ಕೆ ತಿರುಗಿಸಿದೆವು. ಕಾಲಿನ ಕಡೆ ಬಿಟ್ಟರೆ ನೆಲದಲ್ಲಿ ಕೂತ ಧೂಳನ್ನೇ ಎಬ್ಬಿಸುತ್ತದೆ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡುವ ನಿಯಾಶ್ ಸಂಸ್ಥೆಯವರು ಗಣಿ ಯಂತ್ರಗಳ ಕ್ಯಾಬಿನ್ನಿನಲ್ಲಿ ಇದನ್ನು ಅಳೆದೇ ನೋಡಿದ್ದಾರೆ, ನೆಲದ ಹತ್ತಿರದ ಹೀಟರ್ ಹಾಕಿದಾಗ ಒಳಗಿನ ಧೂಳು ಏರಿತ್ತು. ಕಾರ್ಪೆಟ್ಟನ್ನು ನಾವು ವಾಪಸ್ ಹಾಕಲೇ ಇಲ್ಲ. ರಬ್ಬರ್ ಮ್ಯಾಟ್, ದಿನಾ ಸಂಜೆ ಒದ್ದೆ ಬಟ್ಟೆ. ಪೊರಕೆ ಬೇಡ.

ಒತ್ತಡ ಅಳೆಯಲು ಮೀಟರ್ ಕೊಳ್ಳಲಿಲ್ಲ. ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕಾಯಿತು. ಅಗಲ ಬಾಯಿಯ ಬಾಟಲಿಯಲ್ಲಿ ಬಣ್ಣದ ನೀರು, ಅದು ಕ್ಯಾಬಿನ್ ಒಳಗೆ. ಅದರಲ್ಲಿ ಮುಳುಗಿಸಿದ ಪೈಪನ್ನು ಹಲಗೆಯ ಮೇಲೆ ಹತ್ತಕ್ಕೆ ಒಂದು ಏರಿನಲ್ಲಿ ಮಲಗಿಸಿ, ಇನ್ನೊಂದು ತುದಿಯನ್ನು ವೈರಿನ ಗ್ರೊಮೆಟ್ ಮೂಲಕ ಹೊರಗೆ ಬಿಟ್ಟೆವು. 20 ಪ್ಯಾಸ್ಕಲ್ ಅಂದರೆ ನೀರು ನೇರವಾಗಿ ಏರುವುದು 2 ಮಿಲಿಮೀಟರ್ ಮಾತ್ರ, ಕಣ್ಣಿಗೆ ಕಾಣುವುದೇ ಕಷ್ಟ. ಮಲಗಿಸಿದ ಪೈಪಿನಲ್ಲಿ ಅದೇ 2 ಸೆಂಟಿಮೀಟರ್ ಆಗುತ್ತದೆ. ಗಾಡಿ ನಿಲ್ಲಿಸಿಯೇ ಅಳೆಯಬೇಕು. ಸೀಲ್ ಮಾಡುವ ಮೊದಲು ಬ್ಲೋವರ್ ಫುಲ್ ಹಾಕಿದರೂ ನೀರು ಅಲ್ಲಾಡಲಿಲ್ಲ. ಹಿಂದಿನ ಬಾಗಿಲು ಮತ್ತು ನೆಲ ಮುಗಿದ ಮೇಲೆ ಸ್ವಲ್ಪ ಸರಿಯಿತು. ಗೇರ್ ಬೂಟ್ ಹಾಕಿದ ಮೇಲೆ ಒಮ್ಮೆಗೇ ಎರಡೂವರೆ ಸೆಂಟಿಮೀಟರ್ ಹತ್ತಿರ ಬಂತು. ಬಾಗಿಲು ಮುಚ್ಚುವಾಗ ಕಿವಿಗೆ ಒತ್ತಿದ ಹಾಗೆ ಆಗುತ್ತದೆ ಅಂತ ರೈಟರ್ ಹೇಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಈಗ ಬಾಗಿಲು ಸಲೀಸಾಗಿ ಮುಚ್ಚಬೇಕಾದರೆ ಒಂದು ಗ್ಲಾಸ್ ಚೂರು ಇಳಿಸಬೇಕು.

60ರ ವೇಗದಲ್ಲಿ ಹಿಂದಿನ ಸೆಳೆತ 40 ಪ್ಯಾಸ್ಕಲ್ ಹತ್ತಿರ ಹೋಗುತ್ತದೆ, ಆಗ ನಮ್ಮ 25 ಪ್ಯಾಸ್ಕಲ್ (ಪೈಪಿನಲ್ಲಿ ಕಂಡ ಎರಡೂವರೆ ಸೆಂಟಿಮೀಟರ್) ಸೋಲುತ್ತದೆ. ಆದರೆ 60ರಲ್ಲಿ ಹೋಗುವುದು ಮಡಿಕೇರಿ ಡಾಂಬರು ರಸ್ತೆಯಲ್ಲಿ, ಅಲ್ಲಿ ಧೂಳಿಲ್ಲ. ಮಣ್ಣಿನ ರಸ್ತೆಯಲ್ಲಿ 20ರಿಂದ 25 ದಾಟಬಾರದು ಅಂತ ನಿಯಮ ಮಾಡಿಕೊಂಡೆವು. ಅದರಿಂದ ಏಳುವ ಧೂಳೂ ಕಡಿಮೆ, ಪಕ್ಕದಲ್ಲಿ ನಡೆದು ಹೋಗುವ ಕೊಯ್ಲಿನವರಿಗೂ ಉಪಕಾರ. ನನ್ನ ಪ್ರಕಾರ ಕೊನೆಯದ್ದೇ ಮುಖ್ಯ ಕಾರಣ.

ಆದದ್ದೇನು

ಡ್ಯಾಶ್‌ಬೋರ್ಡ್, ಹಿಂದಿನ ಸೀಟು, ಹಿಂಬಾಗಿಲಿನ ಒಳಗೆ ಸೆಲ್ಲೋಟೇಪನ್ನು ಅಂಟು ಮೇಲೆ ಮಾಡಿ ಇಟ್ಟು ಮೊದಲು ಮತ್ತು ಆಮೇಲೆ ಹೋಲಿಸಿದೆವು, ಅದೇ ರಸ್ತೆ, ಅದೇ ವೇಗ. ಮೊದಲಿನದು ಇಟ್ಟಿಗೆ ಬಣ್ಣ. ಆಮೇಲಿನದರಲ್ಲಿ ಹಿಂದಿನ ಸೀಟಿನ ಟೇಪ್ ಹೆಚ್ಚುಕಡಿಮೆ ಶುಭ್ರ, ಮುಂದಿನ ಸೀಟಿನ ಕಾಲಬಳಿ ಮಾತ್ರ ಸ್ವಲ್ಪ ಮಣ್ಣು. ಅದು ಶೂ ತಂದದ್ದು. ಹತ್ತುವ ಜಾಗದಲ್ಲಿ ಗಟ್ಟಿ ಬ್ರಶ್ ಮ್ಯಾಟ್ ಸ್ಕ್ರೂ ಹಾಕಿ ಕೂರಿಸಿದ ಮೇಲೆ ಅದೂ ಇಳಿಯಿತು. ಹಿಂದಿನ ಸೀಟಿನ ಕುಶನ್ ಹೊಡೆದರೆ ಹಳೇ ಧೂಳು ಬಹಳ ದಿನ ಬರುತ್ತಲೇ ಇತ್ತು, ಕೊನೆಗೆ ಕವರ್ ಬದಲಿಸಿ ರೆಕ್ಸಿನ್ ಹಾಕಿಸಿದೆವು. ಮಕ್ಕಳ ಅಂಗಿ ಈಗ ಬಿಳಿಯಾಗಿಯೇ ಇಳಿಯುತ್ತದೆ. ಮಾರ್ಚಿನಲ್ಲಿ ಶುರುವಾಗುತ್ತಿದ್ದ ಡ್ರೈವರ್ ಅಣ್ಣನ ಕೆಮ್ಮು ಕಡಿಮೆ ಇದೆ. ಕೆಮ್ಮಿಗೆ ಧೂಳೊಂದೇ ಕಾರಣ ಅಂತ ಹೇಳುವುದು ಡಾಕ್ಟರ ಕೆಲಸ, ಅವರ ಹತ್ತಿರ ತೋರಿಸುವುದನ್ನು ಬಿಟ್ಟಿಲ್ಲ.

ಎಸಿ ಇರುವ ಹೊಸ ಗಾಡಿಯವರು ಕೇಳುತ್ತಾರೆ, ನಾವೇನು ಮಾಡಬೇಕು ಅಂತ. ಅರ್ಧ ಕೆಲಸ ಒಂದು ಬಟನ್ನಿನಲ್ಲಿದೆ. ಧೂಳು ಕಂಡ ತಕ್ಷಣ ಎಲ್ಲರೂ ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಶನ್‌ಗೆ ಹಾಕುತ್ತಾರೆ. ಆಗ ಹೊರಗಿಂದ ಗಾಳಿ ಬರುವುದಿಲ್ಲ, ಒಳಗೆ ಒತ್ತಡವೂ ಏರುವುದಿಲ್ಲ, ಸಂದಿಗಳಿಂದ ಧೂಳು ನುಸುಳುತ್ತದೆ. ಮುಂದೆ ಗಾಡಿ ಇಲ್ಲದಿದ್ದರೆ ಫ್ರೆಶ್ ಏರ್ ಹಾಕಿ, ಫ್ಯಾನ್ ಏರಿಸಿ, ಗ್ಲಾಸ್ ಮುಚ್ಚಿ. ಪ್ರವಾಸಿಗರು ಹೋಗುವ ಮಾಂದಲಪಟ್ಟಿ ಬೆಟ್ಟದ ಕಡೆ ಸಾಲುಸಾಲು ಜೀಪಿನ ಹಿಂದೆ ಸಿಕ್ಕಿಕೊಂಡಾಗ ಸ್ವಲ್ಪ ಹೊತ್ತು ರೀಸರ್ಕ್ಯುಲೇಶನ್ ಸರಿ, ಆದರೆ ಜನ ತುಂಬಿದ ಗಾಡಿಯಲ್ಲಿ ಬಹಳ ಹೊತ್ತು ಬೇಡ, ಗಾಳಿ ಕೆಟ್ಟು ಮಂಪರು ಬರುತ್ತದೆ. ಅದಕ್ಕಿಂತ ಒಳ್ಳೆಯದು ನಿಂತು ಅವರನ್ನು ಮುಂದೆ ಹೋಗಲು ಬಿಡುವುದು. ಕ್ಯಾಬಿನ್ ಫಿಲ್ಟರ್ ಡಿಸೆಂಬರಿನಲ್ಲೇ ಒಮ್ಮೆ ತೆಗೆದು ನೋಡಿ.

ಸೆಕೆ ಅಂತ ಹಿಂದಿನ ಬಾಗಿಲು ಎತ್ತಿಕೊಂಡು ಓಡಿಸುವುದನ್ನು ನಾನು ತುಂಬಾ ನೋಡಿದ್ದೇನೆ, ದಯವಿಟ್ಟು ಮಾಡಬೇಡಿ. ಧೂಳನ್ನು ಎಳೆಯುವ ಅದೇ ಸುಳಿ ಸೈಲೆನ್ಸರಿನ ಹೊಗೆಯನ್ನೂ ಒಳಗೆ ಎಳೆಯುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ, ಹಿಂದೆ ಕೂತ ಮಕ್ಕಳಿಗೆ ಮೊದಲು ತಾಗುತ್ತದೆ. ಮೇಲೆ ರೆಕ್ಕೆಯಂಥ ಡಿಫ್ಲೆಕ್ಟರ್ ಹಾಕಿಸಿ ಅಂತ ಕೆಲವರು ಹೇಳಿದರು. 20ರ ವೇಗದಲ್ಲಿ ಅದರಿಂದ ಆಗುವ ಉಪಯೋಗ ಏನೂ ಇಲ್ಲ, ದುಡ್ಡು ಉಳಿಸಿಕೊಳ್ಳಿ. ರಸ್ತೆಗೆ ಸ್ಪ್ರಿಂಕ್ಲರ್ ನೀರು ಬಿಡುವ ಮಾತೂ ಬಂತು. ಫೆಬ್ರವರಿಯಲ್ಲಿ ಕೆರೆಯ ನೀರು ರೊಬಸ್ಟಾ ಹೂವಿಗೆ ಬೇಕು, ರಸ್ತೆಗೆ ಹಾಕುವುದು ನನಗೆ ಸರಿ ಕಾಣಲಿಲ್ಲ, ಮಾವನಿಗೂ ಅಷ್ಟೇ.

ಪೇಪರ್ ಫಿಲ್ಟರ್ ತೊಳೆಯಬಾರದು. ಕೊಯ್ಲಿನ ಕಾಲದಲ್ಲಿ ವಾರಕ್ಕೊಮ್ಮೆ ತೆಗೆದು ಮೆಲ್ಲಗೆ ತಟ್ಟುವುದು, ಶುಭ್ರ ಬದಿಯಿಂದ ಕಡಿಮೆ ಒತ್ತಡದ ಗಾಳಿ ಬಿಡುವುದು. ಲೆವೆಲ್ ಪೈಪಿನಲ್ಲಿ ನೀರು ಒಂದೂವರೆ ಸೆಂಟಿಮೀಟರ್‌ಗಿಂತ ಕೆಳಗೆ ಬಂದರೆ ಹೊಸದು ಹಾಕುವುದು. ಮಳೆಗಾಲದ ಮಂಜಿಗೆ ಕಾಗದ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ, ಹಾಗಾಗಿ ನೆಲದ ಪ್ಲಗ್ ತೆಗೆಯುವ ದಿನವೇ ಅದನ್ನೂ ತೆಗೆದು ಬರೀ ಸ್ಪಂಜ್ ಬಿಡುತ್ತೇವೆ. ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚುವುದು.

ಸದ್ಯಕ್ಕೆ ಬಾಕಿ ಇರುವುದು ಹಿಂದಿನ ಬಾಗಿಲಿನ ಎಡಗಡೆ ಹಿಂಜ್. ಪಿನ್ ಸವೆದು ಬಾಗಿಲು ಚೂರು ಇಳಿದಿದೆ, ಕೆಳಗಿನ ಮೂಲೆಯಲ್ಲಿ ಕಾಗದ ಮತ್ತೆ ಸಡಿಲವಾಗಿ ಬರುತ್ತಿದೆ. ಕುಶಾಲನಗರದಲ್ಲಿ ಹೊಸ ಪಿನ್ ಮತ್ತು ಬುಶ್ ಮಾಡಿಸಲು ಕೊಟ್ಟಿದ್ದೇವೆ, ರೊಬಸ್ಟಾ ಕೊಯ್ಲು ಶುರುವಾಗುವ ಮೊದಲು ಹಾಕಿಸುತ್ತೇವೆ.